ಸೂರು ಕೊಟ್ಟ ಮಣ್ಣು

ಬೋಳಾರದ ನದೀತೀರದಲ್ಲಿ ದಡಕ್ಕೆಳೆದ ದೋಣಿಯ ಅಡಿಯನ್ನು ಎಂದಾದರೂ ಮುಟ್ಟಿ ನೋಡಿದ್ದೀರಾ? ಬೆರಳಿಗೆ ಜಾರುವ ಲೋಳೆ ತಗಲುವುದು. ಚಿಪ್ಪಿನ ಜೀವಿಗಳು ಬಂದು ನೆಲಸುವ ಮೊದಲೇ ಮರದ ಮೇಲೆ ಬೀಡುಬಿಟ್ಟ ಸೂಕ್ಷ್ಮಜೀವಿಗಳ ಸಂಸಾರವದು. ವಿಜ್ಞಾನಿಗಳು ಇದನ್ನು ‘ಬಯೋಫಿಲ್ಮ್’, ಎಂದರೆ ಜೀವಿಗಳ ಪೊರೆ, ಎಂದು ಕರೆಯುತ್ತಾರೆ.

ಈ ಪೊರೆ ನಮ್ಮ ಮನೆಯಲ್ಲಿಯೂ ಇದೆ. ನೀರಿನ ಕೊಡದ ಒಳಮೈಯ ಜಾರು ಅದೇ. ಹಲ್ಲಿನ ಮೇಲಿನ ಪಾಚಿಯೂ ಅದೇ. ಹಾಲೆಂಡಿನ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ಮಸೂರದಡಿ ಇಟ್ಟು, ಅಲ್ಲಿ ಓಡಾಡುವ ಜೀವಿಗಳನ್ನು ಕಂಡು ಬೆರಗಾದನು.

ಹಿರಿಯರೊಬ್ಬರಿಗೆ ಮೂತ್ರದ ಕ್ಯಾಥೆಟರ್ ಹಾಕಿದ್ದಾರೆನ್ನಿ. ಔಷಧ ಕೊಟ್ಟಾಗ ಜ್ವರ ಇಳಿಯುವುದು. ಕೆಲವು ದಿನಗಳಲ್ಲಿ ಮತ್ತೆ ಏರುವುದು. ಮನೆಯವರು ಔಷಧವನ್ನು ದೂರುತ್ತಾರೆ. ಅನೇಕ ವೇಳೆ ನಿಜವಾದ ಅಪರಾಧಿ ಆ ನಳಿಕೆಗೆ ಅಂಟಿದ ಪೊರೆ. ಬ್ಯಾಕ್ಟೀರಿಯಾಗಳು ಅಂಟಿನಂಥ ದ್ರವವನ್ನು ಸ್ರವಿಸಿ ಕೋಟೆ ಕಟ್ಟಿಕೊಳ್ಳುತ್ತವೆ. ಒಳಗಿರುವ ಕೆಲವು ನಿದ್ರೆ ಹೋದಂತೆ ಸುಮ್ಮನಿರುತ್ತವೆ. ಒಂಟಿ ಜೀವಿಯನ್ನು ಕೊಲ್ಲುವ ಪ್ರಮಾಣದ ಸಾವಿರ ಪಾಲು ಔಷಧವನ್ನೂ ಅವು ಕೆಲವೊಮ್ಮೆ ತಾಳಿಕೊಳ್ಳಬಲ್ಲವು.

ಈ ಕೋಟೆಗೆ ಲಗ್ಗೆಯಿಡುವವರು ಯಾರು? ಉತ್ತರವನ್ನು ಮಣ್ಣಿನಲ್ಲಿ ಹುಡುಕಲಾಗುತ್ತಿದೆ. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಮಂಡಯಂ ಮನೆತನದ ಎಂ. ಜೆ. ತಿರುಮಲಾಚಾರ್ ಅವರು ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್‌ನಲ್ಲಿದ್ದಾಗ, ಅಲ್ಲಿನ ಮಣ್ಣಿನ ಇಂಥದೇ ಜೀವಿಯಿಂದ ಬೂಷ್ಟುರೋಗಗಳಿಗೆ ‘ಹ್ಯಾಮೈಸಿನ್’ ಎಂಬ ಔಷಧ ಹೊರಬಂದಿತು.

ಅವೆಲ್ಲ ಕೊಲ್ಲುವ ಔಷಧಗಳು. ಈಗಿನ ಯೋಚನೆಯೇ ಬೇರೆ. ಬ್ಯಾಕ್ಟೀರಿಯಾಗಳು ರಾಸಾಯನಿಕ ಸಂಕೇತಗಳ ಮೂಲಕ ಒಂದರೊಡನೊಂದು ಮಾತಾಡಿಕೊಳ್ಳುತ್ತವೆ; ಕೆಲವು ಜಾತಿಗಳು ಕೋಟೆ ಕಟ್ಟುವುದಕ್ಕೂ ಈ ಮಾತು ಬೇಕೆಂದು 1998ರಲ್ಲಿ ತಿಳಿದುಬಂದಿತು. ಮಾತನ್ನೇ ಕೆಡಿಸಿದರೆ? 2000ದಲ್ಲಿ ಸಿಂಗಪುರದ ವಿಜ್ಞಾನಿಗಳು, ಮಣ್ಣಿನಲ್ಲಿ ಸಾಮಾನ್ಯವಾದ ಬ್ಯಾಸಿಲಸ್ ಗುಂಪಿನ ಜೀವಿಯೊಂದರಲ್ಲಿ ಆ ಸಂಕೇತವನ್ನು ಒಡೆಯುವ ಕಿಣ್ವವನ್ನು ಕಂಡರು. ಅದರಿಂದ ತರಕಾರಿಯನ್ನು ಕೊಳೆಸುವ ರೋಗಾಣುವಿನ ಹಾವಳಿಯೇ ತಗ್ಗಿತು. ಇಂಥ ಪದಾರ್ಥಗಳು ಬಹುಮಟ್ಟಿಗೆ ಇನ್ನೂ ಪ್ರಯೋಗಶಾಲೆಯಲ್ಲಿಯೇ ಇವೆ. ಹಡಗಿನ ಬಣ್ಣಕ್ಕೂ ಇವು ಬೇಕಾಗಿವೆ. ತವರ ಬೆರೆತ ಹಳೆಯ ಬಣ್ಣ ಕಡಲ ಜೀವಿಗಳಿಗೆ ವಿಷವಾದುದರಿಂದ 2008ರಿಂದ ಅದಕ್ಕೆ ಅಂತರರಾಷ್ಟ್ರೀಯ ನಿಷೇಧವಿದೆ.

ಅಲ್ಲಿಯವರೆಗೆ ಗೃಹಿಣಿಯರ ಹಳೆಯ ಮಾರ್ಗವೇ ಉತ್ತಮ: ಪೊರೆಯನ್ನು ಉಜ್ಜಿ ತೆಗೆಯುವುದು. ಕೊಡವನ್ನು ತಿಕ್ಕಿರಿ, ಹಲ್ಲನ್ನು ಉಜ್ಜಿರಿ. ಮನೆಯಲ್ಲಿ ಯಾರಿಗಾದರೂ ನಳಿಕೆ ಹಾಕಿದ್ದರೆ, ಅದು ಇನ್ನೂ ಬೇಕೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಈ ನದೀತೀರದ ಜೇಡಿಮಣ್ಣು ಊರೂರಿಗೆ ಸೂರಾಯಿತು. ಸೂರು ಕೊಟ್ಟ ಮಣ್ಣು ಮದ್ದನ್ನೂ ಬಚ್ಚಿಟ್ಟುಕೊಂಡಿರಬಾರದೇಕೆ?