ನಲವತ್ನಾಲ್ಕರಲ್ಲಿ ಹತ್ತು

ಇಸ್ಪೀಟೆಂದರೆ ಮುಖ ಸಿಂಡರಿಸುವ ಪೋಷಕರೂ ಈ ಲೆಕ್ಕ ನೋಡಬಹುದು, ಹಣ ಕಟ್ಟಬೇಕಾಗಿಲ್ಲ.

2010ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ವಿಶ್ವ ಪೋಕರ್ ಪಂದ್ಯಾವಳಿ. ಮ್ಯಾಟ್ ಆಫ್ಲೆಕ್ ಕೈಯಲ್ಲಿ ಎರಡು ಎಕ್ಕ, ಎದುರಾಳಿ ಜೊನಾಥನ್ ದುಹಾಮೆಲ್ ಕೈಯಲ್ಲಿ ಎರಡು ಗುಲಾಮ. ಮೇಜಿನ ಮೇಲೆ ಇಬ್ಬರಿಗೂ ಸಲ್ಲುವ 10, 9, 7 ಮತ್ತು ರಾಣಿ. ಇನ್ನು ಒಂದೇ ಎಲೆ ಬಾಕಿ. ಆಫ್ಲೆಕ್‌ನ ಬಿಲ್ಲೆಗಳೆಲ್ಲ ಪಣದಲ್ಲಿದ್ದವು.

52ರಲ್ಲಿ ಈ 8 ಎಲೆಗಳನ್ನು ಕಳೆದರೆ ಉಳಿಯುವುದು 44. ರಾಜ ಅಥವಾ ಎಂಟು ಬಂದರೆ ದುಹಾಮೆಲ್‌ಗೆ ಐದೆಲೆಗಳ ಸಾಲು. ಗುಲಾಮ ಬಂದರೆ ಮೂರು ಗುಲಾಮ. 4+4+2, ಒಟ್ಟು 10. ಮಿಕ್ಕ 34ರಲ್ಲಿ ಯಾವುದು ಬಂದರೂ ಆಫ್ಲೆಕ್‌ಗೇ ಗೆಲುವು. ಅಂದರೆ ನೂರಕ್ಕೆ 77.

ಬಂದದ್ದು ಎಂಟು! ಆಫ್ಲೆಕ್ 15ನೆಯ ಸ್ಥಾನಕ್ಕೇ ಎದ್ದುಹೋದ. ದುಹಾಮೆಲ್ ಆ ವರ್ಷದ ಚಾಂಪಿಯನ್ ಆದ.

ಆಫ್ಲೆಕ್ ತಪ್ಪಾಡಿದನೆ? ಇಲ್ಲ. ಹಾಗೆಂದು ಇದು ಪವಾಡವೂ ಅಲ್ಲ. ಇಂಥದೇ ಅನುಕೂಲ ಐದು ಸಲ ಒದಗಿದರೂ ಐದನ್ನೂ ಗೆಲ್ಲುವ ಸಂಭವ ನೂರಕ್ಕೆ ಸುಮಾರು 28 ಮಾತ್ರ. ಟೂರ್ನಿಯಲ್ಲೋ, ಬಿಲ್ಲೆ ಮುಗಿದವನಿಗೆ ಎರಡನೆಯ ಸಲವೇ ಇಲ್ಲ.

ನಂಬಿಕೆ ಬಾರದ ವಿದ್ಯಾರ್ಥಿಗಳು ಆ ಎಂಟು ಎಲೆಗಳನ್ನು ಬದಿಗಿಟ್ಟು, ಉಳಿದವನ್ನು ಕಲಸಿ, ಒಂದು ಎಲೆ ಎಳೆದು, ಗುರುತು ಹಾಕಿ, ಮತ್ತೆ ಸೇರಿಸಿ ಕಲಸಲಿ. ನೂರು ಸಲವಾದರೂ ಮಾಡಬೇಕು. ಹತ್ತು ಸಲಕ್ಕೆ ಏನೂ ತಿಳಿಯದು.