ರೂಢಿಯಾಗುತ್ತದೆ ಎನ್ನುವವರಿಗೆ

ವಿಮಾನದ ಸದ್ದಿನ ಮಾತೆತ್ತಿದರೆ ಸಿಗುವ ಉತ್ತರ ಒಂದೇ: "ಸ್ವಲ್ಪ ದಿನ, ಆಮೇಲೆ ರೂಢಿಯಾಗುತ್ತದೆ." ಅಧಿಕಾರಿಗಳು ಹೀಗೆಂದರೆ ಆಶ್ಚರ್ಯವಿಲ್ಲ. ಕಿವಿಯುಳ್ಳ ನಾವೂ ಅದನ್ನೇ ಒಪ್ಪಿ ಕುಳಿತಿರುವುದು ವಿಷಾದದ ಸಂಗತಿ.

ಈ ರೂಢಿಯ ಮಾತನ್ನು ಒಂದು ಊರಿನ ಮೇಲೆ ಪರೀಕ್ಷಿಸಿ ನೋಡಿದ್ದಾಗಿದೆ. 1964ರ ಫೆಬ್ರವರಿಯಿಂದ ಜುಲೈವರೆಗೆ ಅಮೆರಿಕದ ಸರ್ಕಾರ ಒಕ್ಲಹೋಮ ಸಿಟಿಯ ಮೇಲೆ ಶಬ್ದಾತೀತ ವಿಮಾನಗಳನ್ನು ಹಾರಿಸಿತು. ದಿನಕ್ಕೆ ಎಂಟರಂತೆ ಒಟ್ಟು 1253 ಸ್ಫೋಟದ ಸದ್ದು. ಶಬ್ದವನ್ನು ಮೀರಿ ಓಡುವ ವಿಮಾನ ಗಾಳಿಯಲ್ಲಿ ಎಬ್ಬಿಸುವ ಆಘಾತ ತರಂಗ ಅದರ ಹಾದಿಯುದ್ದಕ್ಕೂ ನೆಲಕ್ಕೆ ಬಡಿಯುತ್ತದೆ. ದಾರಿಯಲ್ಲಿರುವ ಪ್ರತಿ ಊರಿಗೂ ಅದರ ಪಾಲು ತಪ್ಪಿದ್ದಲ್ಲ. ಜನ ಒಗ್ಗಿದರೇ? ಕಿಟಕಿಯ ಗಾಜುಗಳು ಒಡೆದವು. ದೂರುಗಳು ಸಾವಿರಗಟ್ಟಲೆ ಬಂದವು. ಸಹಿಸಬಲ್ಲೆವು ಎಂದವರ ಸಂಖ್ಯೆ ದಿನಗಳೆದಂತೆ ಇಳಿಯಿತೇ ಹೊರತು ಏರಲಿಲ್ಲ. ಕೊನೆಗೆ ನೂರಕ್ಕೆ 27 ಮಂದಿ ಇದರೊಡನೆ ಬಾಳಲಾರೆವು ಎಂದರು.

ಉಳಿದ 73 ಮಂದಿ ಒಪ್ಪಿದರಲ್ಲ ಎನ್ನುವ ಜಾಣರಿದ್ದಾರೆ. ಮನೆಯ ನಾಲ್ವರಲ್ಲಿ ಒಬ್ಬ ನೆಮ್ಮದಿಗೆಟ್ಟರೆ ಆ ಮನೆ ಸುಖವಾಗಿದೆ ಎನ್ನುತ್ತೇವೆಯೇ? ಒಪ್ಪದವರು ಬಾಯಿ ಮುಚ್ಚಿ ಕೂರಲಿಲ್ಲ. 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು ನಿಷೇಧಿಸಿತು. 1977ರ ಡಿಸೆಂಬರಿನಲ್ಲಿ ಸಿಂಗಪುರಕ್ಕೆ ಆರಂಭವಾದ ಕಾನ್‌ಕಾರ್ಡ್ ಸೇವೆಯೂ ಮಲೇಷ್ಯದ ಆಕ್ಷೇಪದಿಂದ ಮೂರೇ ಸುತ್ತಿಗೆ ನಿಂತು, 1979ರವರೆಗೆ ಕಾಯಬೇಕಾಯಿತು.

ನಮ್ಮವರ ಅನುಭವವೂ ಇದೆ. 2020ರ ಮೇ 20ರಂದು ಬೆಂಗಳೂರಿನಲ್ಲಿ ಭಾರಿ ಸದ್ದಾದಾಗ ಜನ ಭೂಕಂಪವೇ ಎಂದು ಗಾಬರಿಗೊಂಡರು. ವಾಯುಪಡೆಯ ಪರೀಕ್ಷಾ ಹಾರಾಟವೆಂದು ಆಮೇಲೆ ತಿಳಿಯಿತು. ದೇಶರಕ್ಷಣೆಯ ಕೆಲಸಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದೇ ಸದ್ದಿಗೆ ಊರಿಗೆ ಊರೇ ಬೆಚ್ಚಿದರೆ, ದಿನಕ್ಕೆ ಎಂಟಾದರೆ ಗತಿಯೇನು? 2025ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ಆ ಹಳೆಯ ನಿಷೇಧವನ್ನು ತೆಗೆಯುವಂತೆ ಆದೇಶ ಹೊರಡಿಸಿದ್ದಾರೆ. ಊರಿಗೆ ಬಂದವಳು ನೀರಿಗೆ ಬಾರಳೇ?

ಹೊರನಾಡಿನಲ್ಲಿರುವ ನಮಗೊಂದು ಚಾಳಿಯಿದೆ: "ಊರು ನಮ್ಮದಲ್ಲ, ಗೊಡವೆ ಏಕೆ?" ತೆರಿಗೆ ಕಟ್ಟುವುದು ಇಲ್ಲಿ, ಪಡಿತರ ಚೀಟಿ ಇಲ್ಲಿಯದು, ಮಕ್ಕಳು ಪರೀಕ್ಷೆಗೆ ಓದುವುದೂ ಇದೇ ಸದ್ದಿನ ಕೆಳಗೆ. ಮತ್ತೆ ಯಾರ ಊರು ಇದು? ಸರ್ಕಾರಿ ಕಚೇರಿಯ ಒಳಗಿನಿಂದ ಬಲ್ಲ ಮಾತೊಂದನ್ನು ಹೇಳುತ್ತೇವೆ: ಕಡತಕ್ಕೆ ಬಾರದ ದೂರು ಹುಟ್ಟಿಯೇ ಇಲ್ಲವೆಂದು ಲೆಕ್ಕ. ಆದ್ದರಿಂದ ತಲೆಯ ಮೇಲೆ ಸದ್ದಾದ ದಿನಾಂಕ, ವೇಳೆ ಬರೆದಿಡೋಣ. ನೆರೆಯ ಮರಾಠಿ, ತಮಿಳು, ಪಂಜಾಬಿ ಮನೆಗಳವರ ಸಹಿಯನ್ನೂ ಸೇರಿಸಿ ಅರ್ಜಿ ಕೊಡೋಣ. ಸ್ವೀಕೃತಿಯ ಮೊಹರು ಬೀಳುವವರೆಗೆ ಕಿಟಕಿ ಬಿಟ್ಟು ಕದಲದಿರೋಣ.