ನಮ್ಮ ನೀರಿನ ಮೇಲೆ ಅವರ ಇಟಲಿ

ಮೇಲಿನವರು ನೀರು ಹಿಡಿದರು, ಕೆಳಗಿನವರು ಪಾಳಿ ಹಿಡಿದರು. ಭೀಮಾ ಕಣಿವೆಯ ನೂರು ವರ್ಷದ ಇತಿಹಾಸ ಇಷ್ಟೇ. ನಾವು ವಾಗದರಿಯವರು, ಅಕ್ಕಲಕೋಟ–ಆಳಂದ ರಸ್ತೆಯ ಮೇಲಿನ ಕನ್ನಡದ ಹಳ್ಳಿಯವರು, ಆ ಪಾಳಿಯ ತುದಿಯಲ್ಲಿ ನಿಂತವರು. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಕೊನೆಯ ಕೊಡ ಯಾರ ಮನೆಯದೆಂದು ನಮಗೆ ಗೊತ್ತಿರುತ್ತದೆ. ಮೊದಲ ಕೊಡ ಯಾರದು ಅಂತ ನೋಡಿಬರಲು, ಪುಣೆಯ ಮೇಲಿನ ಗುಡ್ಡಗಳಲ್ಲಿ ಕಂಪನಿಯೊಂದು ಕಟ್ಟಿದ ಗಿರಿಧಾಮ ಲವಾಸಾಕ್ಕೆ ಹೋಗಿದ್ದೆ.

ಪುಣೆಯ ಚಾಂದಣಿ ಚೌಕ ದಾಟಿ, ಪಿರಂಗುಟದ ಕಾರ್ಖಾನೆಗಳನ್ನು ಹಿಂದೆ ಹಾಕಿ, ಟೇಮಘರ ಅಣೆಕಟ್ಟಿನ ಬದಿಯಿಂದ ಘಾಟ್ ಹತ್ತಿ ಇಳಿದರೆ ಲವಾಸಾದ ದಾಸವೆ. ಅಲ್ಲಿ ಒಂದು ಕೆರೆ. ಕೆರೆಯ ದಂಡೆಗೆ ಕಿತ್ತಳೆ, ಹಳದಿ, ಇಟ್ಟಿಗೆಗೆಂಪಿನ ಎತ್ತರದ ಮನೆಗಳ ಸಾಲು. ಇಟಲಿಯ ಪೋರ್ಟೊಫಿನೋ ಎಂಬ ಊರಿನ ನಕಲು ಇದು. ವಾರದ ಕೊನೆಗೆ ಪುಣೆ, ಮುಂಬಯಿಯ ಕಾರುಗಳು ಬರುತ್ತವೆ. ದೋಣಿ ಇದೆ, ಕಾಫಿ ಇದೆ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳಿವೆ. ಕ್ಯಾಮೆರಾದವನು ಜೋಡಿಯನ್ನು ಎಡಕ್ಕೆ ಸರಿಸುತ್ತಲೇ ಇದ್ದ. ಬಲಕ್ಕೆ ಸರಿದರೆ ಅರ್ಧಕ್ಕೆ ನಿಂತ ಕಟ್ಟಡದ ಕಬ್ಬಿಣದ ಸಲಾಕೆಗಳು ಫೋಟೊದಲ್ಲಿ ಬೀಳುತ್ತಿದ್ದವು. ಮೇಲಿನ ಮಹಡಿಯ ಕಿಟಕಿಗಳು ಮುಚ್ಚಿದ್ದವು. ಸಹ್ಯಾದ್ರಿಯ ಮಳೆ ಇಟಲಿಯ ಬಣ್ಣದ ಮೇಲೆ ಕರಿ ಪಾಚಿ ಬೆಳೆಸಿತ್ತು.

ಕೆರೆದಂಡೆಯಲ್ಲಿ ನಿಂತಿದ್ದ ವಾಚಮನ್ ಹುಡುಗ ಮೊಬೈಲಿನಲ್ಲಿ ಕೇಳುತ್ತಿದ್ದ: “ನಳಕ್ಕ ನೀರ ಬಂತೇನ?” ಕನ್ನಡ ಕಿವಿಗೆ ಬಿದ್ದದ್ದೇ ತಡ, ಹತ್ತಿರ ಹೋಗಿ ಮಾತಾಡಿಸಿದೆ.

“ಯಾವ ಕಡಿಯವ ತಮ್ಮಾ?”

“ಅಕ್ಕಲಕೋಟ ಕಡಿಯವ ರೀ ಕಾಕಾ.”

“ಬಂತಂತೇನು ನೀರು?”

“ಇಲ್ರೀ. ಇನ್ನಾ ಪಾಳಿ ಬಂದಿಲ್ಲಂತ.”

“ಇಲ್ಲಿ ನೋಡಿದ್ರ ಕೆರಿ ತುಂಬೇತಲ್ಲೋ.”

“ಇದು ನೋಡ್ಲಿಕ್ಕ ಇಟ್ಟದ್ದು ರೀ ಕಾಕಾ.”

ಲವಾಸಾದ ಬಗ್ಗೆ ಇದಕ್ಕಿಂತ ನೇರವಾದ ವರದಿಯನ್ನು ಯಾವ ಸರಕಾರಿ ಸಮಿತಿಯೂ ಬರೆದಿಲ್ಲ.

ನೋಡಲಿಕ್ಕೆ ಇಟ್ಟ ಈ ನೀರು ಎಲ್ಲಿಯದು? ದಾಸವೆಯ ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿ ನಿಲ್ಲಿಸಿದ ನೀರು. ಆ ಹಳ್ಳ ಹರಿದು ಸೇರಬೇಕಾದದ್ದು ಮೋಸೆ ನದಿಗೆ. ಮೋಸೆಯ ಮೇಲೆ ವರಸಗಾವ ಅಣೆಕಟ್ಟು. ಅಲ್ಲಿಂದ ಮುಠಾ, ಮುಳಾ-ಮುಠಾ, ಭೀಮಾ, ಕೊನೆಗೆ ನಮ್ಮ ಉಜನಿ ಅಣೆಕಟ್ಟು. ಸೊಲ್ಲಾಪುರ ಕುಡಿಯುವುದು ಉಜನಿ ನೀರು. ಏಕರೂಖ ಏತ ನೀರಾವರಿಯ ಹೆಸರಿನಲ್ಲಿ ಅಕ್ಕಲಕೋಟ ತಾಲೂಕಿನ ಕುರನೂರ ಅಣೆಕಟ್ಟಿಗೆ ಬರಲಿ ಎಂದು ನಾವು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕೂತದ್ದೂ ಅದೇ ಉಜನಿ ನೀರಿಗೆ. ಉಜನಿಯ ಒಟ್ಟು ಸಂಗ್ರಹ 117 ಟಿಎಂಸಿ ಎಂದು ಭಾಷಣದಲ್ಲಿ ಎದೆಯುಬ್ಬಿಸುತ್ತಾರೆ. ಅದರಲ್ಲಿ ಸುಮಾರು 63 ಟಿಎಂಸಿ ತಳದ ನೀರು, ಡೆಡ್ ಸ್ಟಾಕ್, ಅಂತ ಭಾಷಣ ಮುಗಿದ ಮೇಲೂ ಹೇಳುವುದಿಲ್ಲ. ಮೇಲಿನಿಂದ ನಮಗೆ ತಪ್ಪದೆ ಬರುವುದು ಒಂದೇ: ಪುಣೆ, ಪಿಂಪ್ರಿ-ಚಿಂಚವಡಗಳ ಅರೆಬರೆ ಶುದ್ಧವಾದ ಗಟಾರ. ಮೇಲಿನವರಿಗೆ ತಿಳಿನೀರಿನ ನೋಟ, ಕೆಳಗಿನವರಿಗೆ ಅವರ ಬಚ್ಚಲು.

ಲವಾಸಾ ಹಿಡಿದ ನೀರು ಎಷ್ಟು ಮಹಾ, ಉಜನಿಯ ಲೆಕ್ಕದಲ್ಲಿ ಅದು ಹನಿಯಷ್ಟೇ ಎನ್ನುವವರಿದ್ದಾರೆ. ಲೆಕ್ಕ ಸರಿಯೇ ಇರಬಹುದು. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಕಬ್ಬು ಅದರ ಎಷ್ಟೋ ಪಟ್ಟು ನೀರು ಕುಡಿಯುತ್ತದೆ ಎಂಬುದನ್ನೂ ಬಲ್ಲೆ. ಆ ಜಗಳ ನಮ್ಮ ಸಾಹುಕಾರರ ಜೊತೆ ಬೇರೆಯೇ ಇದೆ. ನಾನು ಕೇಳುತ್ತಿರುವುದು ಹಕ್ಕಿನ ಲೆಕ್ಕ. ರೈತ ತನ್ನ ಹೊಲದ ಹಳ್ಳಕ್ಕೆ ಒಡ್ಡು ಹಾಕಬೇಕಾದರೆ ತಹಶೀಲಿ ಕಚೇರಿಗೆ ಚಪ್ಪಲಿ ಸವೆಸುತ್ತಾನೆ. ಕಂಪನಿಯೊಂದು ಗುಡ್ಡ ಕಡಿದು, ಹಳ್ಳ ಕಟ್ಟಿ, ಊರಿಗೂರೇ ಎಬ್ಬಿಸಲು ಯಾರ ಅಪ್ಪಣೆ ಸಿಕ್ಕಿತು?

ಸಿಕ್ಕ ಬಗೆ ಕೇಳಿ. 1996ರಲ್ಲಿ ಮಹಾರಾಷ್ಟ್ರ ಸರಕಾರ ಖಾಸಗಿಯವರು ಗಿರಿಧಾಮ ಕಟ್ಟಲು ನಿಯಮ ಮಾಡಿತು. 2001ರಲ್ಲಿ ಮೋಸೆ ಕಣಿವೆಯ 18 ಹಳ್ಳಿಗಳು ಗಿರಿಧಾಮವೆಂದು ಘೋಷಣೆಯಾದವು. 2002ರಲ್ಲಿ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮ 141 ಹೆಕ್ಟೇರ್ ಜಮೀನನ್ನು ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ನಮಗೆ ನೀರು ಮುಟ್ಟಿಸಲು ಹುಟ್ಟಿದ ನಿಗಮ ಅದು! 2008ರಲ್ಲಿ ಲವಾಸಾ ಕಂಪನಿಯನ್ನೇ ವಿಶೇಷ ಯೋಜನಾ ಪ್ರಾಧಿಕಾರ ಮಾಡಿದರು. ಅಂದರೆ ನಕ್ಷೆ ಬರೆಯುವವನೂ ಅವನೇ, ಮಂಜೂರು ಮಾಡುವವನೂ ಅವನೇ. 2010ರ ನವೆಂಬರಿನಲ್ಲಿ ಕೇಂದ್ರದ ಪರಿಸರ ಸಚಿವಾಲಯ, ನಮ್ಮ ಒಪ್ಪಿಗೆಯೇ ಇಲ್ಲವಲ್ಲ ಎಂದು ಕೆಲಸ ನಿಲ್ಲಿಸಿತು. ಮರುವರ್ಷ ನವೆಂಬರಿನಲ್ಲಿ 2,000 ಹೆಕ್ಟೇರಿಗೆ ಷರತ್ತಿನ ಒಪ್ಪಿಗೆಯೂ ಹೊರಬಿತ್ತು.

ಈಗ ನಮ್ಮ ಕಡೆ ನೋಡಿ. 2022ರ ಕೊನೆಗೆ ಅಕ್ಕಲಕೋಟ ತಾಲೂಕಿನ ಗಡಿ ಹಳ್ಳಿಗಳ ಗ್ರಾಮ ಪಂಚಾಯತಿಗಳು, ನೀರು-ರಸ್ತೆ ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದವು. ಬಂದದ್ದು ನೋಟೀಸು. ಜನ ಆರಿಸಿದ ಪಂಚಾಯತಿ ಬಾಯಿ ತೆರೆದರೆ ಶಿಸ್ತಿನ ಪ್ರಶ್ನೆ. ಯಾರೂ ಆರಿಸದ ಕಂಪನಿಗೆ ಊರಿನ ಯಜಮಾನಿಕೆ.

2013ರ ಬರದಲ್ಲಿ ಇದೇ ಸೊಲ್ಲಾಪುರ ಜಿಲ್ಲೆಯ ರೈತನೊಬ್ಬ ಉಜನಿಗೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಡಿ ಎಂದು ಮುಂಬಯಿಯ ಆಜಾದ್ ಮೈದಾನದಲ್ಲಿ ವಾರಗಟ್ಟಲೆ ಧರಣಿ ಕೂತ. ಆಗಿನ ಉಪಮುಖ್ಯಮಂತ್ರಿ ಅಜಿತ ಪವಾರರು ಇಂದಾಪುರದ ಸಭೆಯಲ್ಲಿ ಅವನನ್ನು ಹಂಗಿಸಿ, ಡ್ಯಾಮಿನಲ್ಲಿ ನೀರಿಲ್ಲದಿದ್ದರೆ ಉಚ್ಚೆ ಹೊಯ್ದು ತುಂಬಿಸಬೇಕೇ ಎಂಬರ್ಥದ ಮಾತಾಡಿದರು. ಆಮೇಲೆ ಕ್ಷಮೆ ಕೇಳಿದರು, ಕರಾಡದಲ್ಲಿ ಒಂದು ದಿನ ಉಪವಾಸವನ್ನೂ ಕೂತರು. ಒಂದು ದಿನದ ಉಪವಾಸದಿಂದ ಅವರ ಪಾಪ ಕಳೆಯಿತು. ನಮ್ಮ ಬಾಯಾರಿಕೆ ಕಳೆಯಿತೆ?

ಲವಾಸಾ ಈ ಸುಲಿಗೆಯ ಮೊದಲ ಅಧ್ಯಾಯವೂ ಅಲ್ಲ. ಪಕ್ಕದ ಮುಳಶಿಯಲ್ಲಿ ಟಾಟಾ ಕಂಪನಿ ಅಣೆಕಟ್ಟು ಕಟ್ಟಲು ಬಂದಾಗ 1921ರಲ್ಲಿ ಸೇನಾಪತಿ ಬಾಪಟರ ಜೊತೆ ಮಾವಳ ರೈತರು ಸತ್ಯಾಗ್ರಹ ಹೂಡಿದರು. ಸೋತರು. ಪೂರ್ವಕ್ಕೆ ಭೀಮೆಗೆ ಹರಿಯಬೇಕಾದ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಭಿರಾದಲ್ಲಿ ಕೆಳಗೆ ಧುಮುಕಿಸಿ ವಿದ್ಯುತ್ ಮಾಡಿ ಮುಂಬಯಿಗೆ, ಅದರ ಗಿರಣಿಗಳಿಗೆ ಕೊಟ್ಟರು. ಅಂದು ಗಿರಣಿಯ ಹೆಸರು, ಇಂದು ಪ್ರವಾಸೋದ್ಯಮದ ಹೆಸರು. ಎರಡರಲ್ಲೂ ಮುಳುಗಿದವರು ಒಂದೇ ಜಾತಿಯವರು, ಬಡವರು. ಪೋರ್ಟೊಫಿನೋ ಇಟಲಿಯಲ್ಲಿ ಮೀನುಗಾರರ ಊರಾಗಿತ್ತು. ಅದನ್ನು ಇಲ್ಲಿ ನಕಲು ಮಾಡಿದವರು ಮೋಸೆ ಕಣಿವೆಯಲ್ಲೇ ಮೀನು ಹಿಡಿದು, ಕಾಡು ನಂಬಿ ಬದುಕಿದ ಕಾತಕರಿ ಆದಿವಾಸಿಗಳ ಜಮೀನಿನ ಮೇಲೆ ಕಣ್ಣು ಹಾಕಿದರು. ನೆಲ ಬಿಡೆವು ಎಂದು ಅಲ್ಲಿಯ ಮುಗಾವ ಹಳ್ಳಿಯ ಹೆಂಗಸರು ಹೋರಾಡಬೇಕಾಯಿತು. ದೂರದ ಬೆಸ್ತರ ಗೋಡೆಯ ಬಣ್ಣ ಬೇಕು, ಹತ್ತಿರದ ಬೆಸ್ತ ಬೇಡ.

ಯುರೋಪಿನ ಮೇಲೆ ನನಗೆ ಹಗೆಯಿಲ್ಲ. ಆದರೆ ಕೆರೆ ಕಟ್ಟುವುದನ್ನು ಕಲಿಯಲು ಇಟಲಿಗೆ ಹೋಗಬೇಕಾದ ನಾಡೇನು ಇದು? ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಜನ ಕೂಡಿಸಿ ಕೆರೆ ತೋಡಿಸಿದ. ಇಂದಿಗೂ ಸಂಕ್ರಮಣದ ಗಡ್ಡಾ ಜಾತ್ರೆಗೆ ಸೊಲ್ಲಾಪುರ ಸೇರುವುದು ಆ ಕೆರೆಯ ಸುತ್ತಲೇ. ಅಂಥ ಕೆರೆ ಕಟ್ಟಿದ ಪುಣ್ಯದ ಅಹಂಕಾರವನ್ನೂ ಅಲ್ಲಮ ಬಂದು ಕೆಣಕಿದ ಕಥೆ ಶೂನ್ಯಸಂಪಾದನೆಯಲ್ಲಿದೆ. ಜನರಿಗಾಗಿ ಕೆರೆ ಕಟ್ಟಿದವನನ್ನೇ ಪ್ರಶ್ನಿಸದೆ ಬಿಡದ ಪರಂಪರೆ ನಮ್ಮದು. ನೋಟಕ್ಕಾಗಿ ಕೆರೆ ಕಟ್ಟಿದವರನ್ನು ಸುಮ್ಮನೆ ಬಿಡಬೇಕೆ?

ಕರ್ನಾಟಕಕ್ಕೆ ಹೋದರೆ ಎಲ್ಲ ಸರಿಹೋಗುತ್ತದೆ ಎನ್ನುವ ಗೆಳೆಯರಿಗೂ ಒಂದು ಮಾತು. 2018ರಲ್ಲಿ ಬೆಂಗಳೂರಿನ ಸರಕಾರ ಕನ್ನಂಬಾಡಿ ಕಟ್ಟೆಯ ಬುಡದಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ, 125 ಅಡಿಯ ಕಾವೇರಿ ಪ್ರತಿಮೆ ಕಟ್ಟುವ ಮಾತಾಡಿತು. ಮಂಡ್ಯದ ರೈತರು ಬೀದಿಗಿಳಿದರು. ಆಸೆ ಮಾತ್ರ ಇನ್ನೂ ಸತ್ತಿಲ್ಲ. ಹೊಸ ಹೆಸರಿನಲ್ಲಿ ಮತ್ತೆ ಮತ್ತೆ ಏಳುತ್ತದೆ. ಗಡಿ ಬದಲಾದರೆ ಬೋರ್ಡಿನ ಲಿಪಿ ಬದಲಾಗುತ್ತದೆ, ನೀರಿನ ಮೇಲೆ ಕಣ್ಣಿಟ್ಟವರು ಬದಲಾಗುವುದಿಲ್ಲ.

2018ರ ಆಗಸ್ಟಿನಲ್ಲಿ ಲವಾಸಾ ದಿವಾಳಿಯ ಕಟಕಟೆ ಹತ್ತಿತು. 2023ರಲ್ಲಿ 1,814 ಕೋಟಿ ರೂಪಾಯಿಗೆ ಕೊಳ್ಳುವವರೊಬ್ಬರು ಬಂದರು; ಆ ವ್ಯವಹಾರವೂ ಮುರಿದುಬಿತ್ತು. ಬಾಕಿ ಕೇಳುವವರ ಸಾಲಿನಲ್ಲಿ ಬ್ಯಾಂಕುಗಳಿವೆ, ಉಳಿತಾಯದ ದುಡ್ಡು ಸುರಿದು ಮನೆ ಸಿಗದ ಮಧ್ಯಮ ವರ್ಗದವರಿದ್ದಾರೆ. ಎಲ್ಲರಿಗೂ ನ್ಯಾಯ ಸಿಗಲಿ. ಆದರೆ ಆ ಕಂಪನಿ ಮೊದಲು ಸಾಲ ಎತ್ತಿದ್ದು ಬ್ಯಾಂಕಿನಿಂದಲ್ಲ. ಗುಡ್ಡದಿಂದ ಎತ್ತಿತು, ಕಾತಕರಿಯ ನೆಲದಿಂದ ಎತ್ತಿತು, ಭೀಮೆಯ ಪಾತ್ರದಿಂದ ಎತ್ತಿತು. ಆ ಸಾಲಕ್ಕೆ ಕಾಗದವಿಲ್ಲ, ಹಾಗಾಗಿ ಕೇಳುವವರಿಲ್ಲ ಎಂದುಕೊಂಡಿದ್ದಾರೆ.

ಕೇಳುವವರು ನಾವಿದ್ದೇವೆ. ಯಾರು ಕೊಂಡರೂ ಕೊಳ್ಳಲಿ, ಮೊದಲು ಹಳ್ಳಗಳ ಕಟ್ಟೆ ತೆರೆಯಲಿ. ಆದಿವಾಸಿಯ ಜಮೀನಿನ ಉತಾರದಲ್ಲಿ ಆದಿವಾಸಿಯ ಹೆಸರು ಮರಳಿ ಬರಲಿ. ವರಸಗಾವದಿಂದ ಕುರನೂರದವರೆಗೆ ಯಾರಿಗೆ ಎಷ್ಟು ನೀರೆಂಬ ಲೆಕ್ಕವನ್ನು ಪ್ರತಿ ಬೇಸಿಗೆಯಲ್ಲಿ ಗ್ರಾಮಸಭೆಯ ಮುಂದೆ, ನಮ್ಮ ಭಾಷೆಯಲ್ಲಿ ಓದಲಿ. ಅಲ್ಲಿಯವರೆಗೆ ಆ ಬಣ್ಣದ ಊರು ಹರಾಜಿಗೆ ಬಂದಾಗಲೆಲ್ಲ ಬಾಕಿ ಕೇಳುವವರ ಪಟ್ಟಿಯ ತುದಿಗೆ ವಾಗದರಿಯ ಹೆಸರನ್ನೂ ಬರೆದುಕೊಳ್ಳಲಿ. ಇಷ್ಟು ವರ್ಷ ಪಾಳಿಯಲ್ಲಿ ಕೊನೆಗೆ ನಿಂತವರು ವಸೂಲಿಗೆ ಬರುವಾಗ ಕೊನೆಗೆ ಬರುವುದಿಲ್ಲ.